ಮಾವಿನ ಮರ ತುದಿಯಿಂದ ಒಣಗ್ತಾ ಇದೆಯಾ? ಔಷಧಿ ಹೊಡೆಯುವ ಮೊದಲು ಕಾರಣ ಪತ್ತೆ ಮಾಡಿ

ಕೊಯ್ಲು ಮುಗಿದು ಎರಡು ಒಳ್ಳೆ ಮಳೆ ಬಿದ್ದ ಮೇಲೆ ಮಾವಿನ ತೋಟದಲ್ಲಿ ಚಿಗುರು ಬರಬೇಕು. ಅಕ್ಕಪಕ್ಕದ ಮರಗಳೆಲ್ಲ ತಾಮ್ರದ ಬಣ್ಣದ ಚಿಗುರು ಹೊತ್ತು ನಿಂತಿರುವಾಗ ಒಂದು ಮರದಲ್ಲಿ ಮಾತ್ರ ನಾಲ್ಕೈದು ರೆಂಬೆ ಬೋಳಾಗಿ ಕಾಣುತ್ತವೆ. ಕೆಲವು ರೆಂಬೆಗಳಲ್ಲಿ ಎಲೆಗಳು ಕಂದು ಬಣ್ಣಕ್ಕೆ ತಿರುಗಿ, ಅಂಚು ಮೇಲಕ್ಕೆ ಸುರುಳಿಯಾಗಿ, ಉದುರದೆ ಹಾಗೇ ನೇತಾಡುತ್ತಿರುತ್ತವೆ. ಇದನ್ನೇ ತುದಿ ಒಣಗುವ ರೋಗ ಅಥವಾ ಡೈಬ್ಯಾಕ್ ಅಂತೀವಿ.

ಈಗ ಹೆಚ್ಚಿನವರು ಮಾಡುವುದು ಏನು? ಒಂದು ಫೋಟೋ ತೆಗೆದು ವಾಟ್ಸಾಪ್ ಗ್ರೂಪಿಗೆ ಹಾಕ್ತಾರೆ. ಐದು ನಿಮಿಷದಲ್ಲಿ ಐದು ಉತ್ತರ ಬರುತ್ತೆ. ಒಬ್ಬರು ಫಂಗಸ್ ಅಂತಾರೆ, ಇನ್ನೊಬ್ಬರು ಹುಳ ಅಂತಾರೆ, ಮತ್ತೊಬ್ಬರು ಸತು ಕೊರತೆ ಅಂತಾರೆ. ಕೊನೆಗೆ ಅಂಗಡಿಯಲ್ಲಿ ಮೂರಕ್ಕೂ ಒಂದೊಂದು ಡಬ್ಬಿ ತಂದು, ಒಂದೇ ಟ್ಯಾಂಕಿನಲ್ಲಿ ಬೆರೆಸಿ ಹೊಡೆದು ಬಿಡುತ್ತಾರೆ. ದುಡ್ಡು ಹೋಗುತ್ತೆ, ಮರ ಒಣಗುವುದು ಮಾತ್ರ ನಿಲ್ಲುವುದಿಲ್ಲ.

ಒಂದು ಬದನೆ ಗಿಡ ಹೋದರೆ ಮುಂದಿನ ತಿಂಗಳು ಇನ್ನೊಂದು ನೆಡಬಹುದು. ಅಪ್ಪನೋ ಅಜ್ಜನೋ ನೆಟ್ಟ 30 ವರ್ಷದ ಬಾದಾಮಿ ಮರ ಹೋದರೆ ಆ ಜಾಗದಲ್ಲಿ ಅಷ್ಟೇ ಫಸಲು ನೋಡಲು ಇನ್ನೊಂದು ತಲೆಮಾರು ಕಾಯಬೇಕು. ಹಾಗಾಗಿ ಔಷಧಿಗೆ ಮೊದಲು ಅರ್ಧ ದಿನ ಮರಕ್ಕೆ ಕೊಡಿ. ಹೇಗೆ ನೋಡಬೇಕು ಅನ್ನೋದೇ ಈ ವಾರದ ಲೇಖನ.

ತುದಿ ಒಣಗೋದು ಜ್ವರ ಇದ್ದ ಹಾಗೆ

ಜ್ವರ ಬಂತು ಅಂದ ಮಾತ್ರಕ್ಕೆ ಯಾವ ಕಾಯಿಲೆ ಅಂತ ಗೊತ್ತಾಗಲ್ಲ. ರೆಂಬೆಯ ತುದಿ ಒಣಗುವುದೂ ಅಷ್ಟೇ. ಬೇರಿನಿಂದ ಎಲೆಗೆ ನೀರು ಹೋಗುವ ದಾರಿಯಲ್ಲಿ ಎಲ್ಲಿ ತಡೆಯಾದರೂ ಮೊದಲು ಕಾಣುವುದು ತುದಿಯಲ್ಲೇ, ಯಾಕಂದರೆ ನೀರು ಕೊನೆಗೆ ತಲುಪುವ ಜಾಗ ಅದು. ತಡೆ ರೆಂಬೆಯಲ್ಲಿರಬಹುದು, ಕಾಂಡದಲ್ಲಿರಬಹುದು, ಮಣ್ಣಿನ ಒಳಗೂ ಇರಬಹುದು.

ಈ ರೋಗಕ್ಕೆ ಹೆಸರಾದ ಶಿಲೀಂಧ್ರ ಲ್ಯಾಸಿಯೋಡಿಪ್ಲೋಡಿಯಾ ಥಿಯೋಬ್ರೋಮೆ. ಹಳೆಯ ಪುಸ್ತಕಗಳಲ್ಲಿ ಇದನ್ನು ಬೊಟ್ರಿಯೋಡಿಪ್ಲೋಡಿಯಾ ಅಂತ ಬರೆದಿರುತ್ತಾರೆ. ಮಂಡಿಗೆ ಹೋದ ಮಾವಿನ ಹಣ್ಣು ತೊಟ್ಟಿನ ಕಡೆಯಿಂದ ಕಪ್ಪಾಗಿ ಕೊಳೆಯುತ್ತಲ್ಲ, ಅದಕ್ಕೂ ಮುಖ್ಯವಾಗಿ ಇದೇ ಕಾರಣ. ಈ ಶಿಲೀಂಧ್ರದ ಒಂದು ಗುಣ ನೆನಪಿಡಿ: ಗಟ್ಟಿಮುಟ್ಟಾದ ಮರದಲ್ಲಿ ಇದು ಏನೂ ಮಾಡದೆ ಸುಮ್ಮನೆ ಇರಬಲ್ಲದು. ಮರ ಬರದಿಂದಲೋ, ಗಾಯದಿಂದಲೋ, ಬೇರಿನ ತೊಂದರೆಯಿಂದಲೋ ಬಳಲಿದಾಗ ಎದ್ದು ಕೂರುತ್ತದೆ. ಆದ್ದರಿಂದ ಶಿಲೀಂಧ್ರ ಸಿಕ್ಕಿತು ಅಂದ ಮೇಲೂ ಒಂದು ಪ್ರಶ್ನೆ ಬಾಕಿ ಇರುತ್ತೆ: ಈ ಮರ ಬಳಲಿದ್ದು ಯಾಕೆ?

ಹೆಜ್ಜೆ 1: ಹತ್ತಿರ ಹೋಗಬೇಡಿ, ದೂರ ನಿಲ್ಲಿ

ಮೊದಲು ಮರದಿಂದ 15-20 ಹೆಜ್ಜೆ ದೂರ ನಿಂತು ಸುತ್ತ ಒಂದು ಸುತ್ತು ಬನ್ನಿ. ಒಣಗಿರುವ ಜಾಗ ಯಾವ ರೀತಿ ಹಂಚಿಕೊಂಡಿದೆ ನೋಡಿ. ಅರ್ಧ ಉತ್ತರ ಇಲ್ಲೇ ಸಿಗುತ್ತದೆ.

• ಒಂದೇ ಒಂದು ಕೊಂಬೆ ಪೂರ್ತಿ ಒಣಗಿದೆ, ಉಳಿದದ್ದು ಹಸಿರಾಗಿದೆ: ತೊಂದರೆ ಆ ಕೊಂಬೆಯಲ್ಲೇ ಇದೆ. ಕಾಂಡ ಕೊರಕ, ಬಂದಳಿಕೆ, ಸೀಳು, ಬಿಗಿದು ಕಟ್ಟಿದ ತಂತಿ, ಇವುಗಳಲ್ಲಿ ಒಂದು.

• ಮರದ ತುಂಬ ಅಲ್ಲಲ್ಲಿ ತುದಿಗಳು ಒಣಗಿವೆ, ತುದಿಯಿಂದ ಹಿಂದಕ್ಕೆ ಬರುತ್ತಿದೆ: ಶಿಲೀಂಧ್ರದ ಮೇಲೆ ಅನುಮಾನ ಪಡಿ.

• ಮರದ ಒಂದು ಪಕ್ಕ ಪೂರ್ತಿ ಸೊರಗಿದೆ: ಆ ಪಕ್ಕದ ನೆಲ ನೋಡಿ. ಪೈಪಿಗೆ ಕಾಲುವೆ ತೋಡಿದ್ದು, ಜೆಸಿಬಿ ಓಡಾಡಿದ್ದು, ನೀರು ನಿಲ್ಲುವ ತಗ್ಗು ಏನಾದರೂ ಇರುತ್ತದೆ.

• ಇಡೀ ಮರ ತೆಳುವಾಗಿದೆ, ಎಲೆ ಚಿಕ್ಕದಾಗಿದೆ, ನೆತ್ತಿಯಲ್ಲಿ ಬೋಳು ಕಡ್ಡಿಗಳು ಎದ್ದಿವೆ: ಬೇರು, ನೀರು ಅಥವಾ ಮಣ್ಣಿನ ತೊಂದರೆ.

• ಎಳೆ ಚಿಗುರು ಮಾತ್ರ ಬಾಗಿ ಒಣಗುತ್ತಿದೆ, ಬಲಿತ ಎಲೆ ಚೆನ್ನಾಗಿದೆ: ಚಿಗುರು ಕೊರಕ ಹುಳು. ಬಾಡಿದ ಚಿಗುರನ್ನು ಸೀಳಿದರೆ ಒಳಗೆ ಹುಳು ಅಥವಾ ಅದು ಕೊರೆದ ದಾರಿ ಸಿಗುತ್ತದೆ.

• ಎಲೆಯ ತುದಿ, ಅಂಚು ಸುಟ್ಟಂತೆ ಆಗಿದೆ, ರೆಂಬೆ ಹಸಿಯಾಗಿಯೇ ಇದೆ: ಇದು ಡೈಬ್ಯಾಕ್ ಅಲ್ಲ. ಉಪ್ಪು ನೀರು ಅಥವಾ ಕ್ಲೋರೈಡ್ ಹೆಚ್ಚಾಗಿರಬಹುದು.

• ವಾರಗಳಲ್ಲೇ ಇಡೀ ಮರ ಬಾಡಿ ನಿಂತಿತು: ಬುಡದಲ್ಲಿ ಕೊರಕ, ಬೇರು ಕೊಳೆ, ಸೊರಗು ರೋಗ ಅಥವಾ ಸಿಡಿಲು. ಇದಕ್ಕೆ ಕಾಯಬೇಡಿ, ಅದೇ ದಿನ ತಜ್ಞರನ್ನು ಸಂಪರ್ಕಿಸಿ.

ಇನ್ನೊಂದು ಮಾತು. ಪಕ್ಕದ ಮರಗಳನ್ನೂ ನೋಡಿ. ಒಂದೇ ಸಾಲಿನ ಮರಗಳೆಲ್ಲ ಹೀಗೇ ಇದ್ದರೆ ಡ್ರಿಪ್ ಲೈನ್, ನೀರು, ಮಣ್ಣಿನ ಕಡೆ ಬೊಟ್ಟು ಮಾಡಿ. ತೋಟದ ನಡುವೆ ಒಂದೇ ಮರ ಒಣಗುತ್ತಿದ್ದರೆ ಕಾರಣ ಹೆಚ್ಚಾಗಿ ಆ ಮರದಲ್ಲೇ ಇರುತ್ತದೆ.

ಹೆಜ್ಜೆ 2: ಕೆರೆದು ನೋಡಿ, ಸೀಳಿ ನೋಡಿ

ಒಣಗಿದ ರೆಂಬೆಯ ತುದಿಯಿಂದ ಶುರು ಮಾಡಿ. ಚಾಕುವಿನಿಂದ ತೊಗಟೆ ಸ್ವಲ್ಪ ಕೆರೆಯಿರಿ. ಒಳಗೆ ಹಸಿರು, ತೇವ ಕಂಡರೆ ಜೀವ ಇದೆ. ಕಂದಾಗಿ ಒಣಗಿದ್ದರೆ ಸತ್ತಿದೆ. ಒಂದೊಂದು ಗೇಣು ಹಿಂದಕ್ಕೆ ಬರುತ್ತಾ ಕೆರೆಯಿರಿ. ಸತ್ತದ್ದು ಎಲ್ಲಿ ಮುಗಿದು ಹಸಿರು ಎಲ್ಲಿ ಶುರುವಾಗುತ್ತೋ ಆ ಗಡಿ ಸಿಗುವವರೆಗೂ ಬಿಡಬೇಡಿ. ಆ ಗಡಿಯೇ ನಿಮಗೆ ಬೇಕಾದ ಜಾಗ.

ಗಡಿ ಇರುವ ತುಂಡನ್ನು ಕತ್ತರಿಸಿ ಉದ್ದಕ್ಕೆ ಸೀಳಿ. ಒಳಗೆ ಕಂದು ಬಣ್ಣದ ಗೆರೆಗಳು ಸತ್ತ ಭಾಗದಿಂದ ಹಸಿ ಭಾಗದ ಕಡೆಗೆ ಇಳಿದಿದ್ದರೆ ಶಿಲೀಂಧ್ರ ಒಳಗಿಂದ ಮುಂದುವರಿಯುತ್ತಿದೆ ಅಂತ ಅರ್ಥ. ತೊಗಟೆಯ ಬಣ್ಣ ಕಪ್ಪಾಗಿರುವುದು, ಬಿರುಕಿನಿಂದ ಅಂಟು ಸುರಿಯುವುದು ಇದರ ಜೊತೆಗಾರರು. ಗೆರೆ ಏನೂ ಇಲ್ಲದೆ ಕಟ್ಟಿಗೆ ಬರೀ ಒಣಗಿದ್ದರೆ ನೀರು ಇನ್ನೆಲ್ಲೋ ಕೆಳಗೆ ನಿಂತಿದೆ. ಹುಡುಕಾಟ ಮುಂದುವರಿಸಿ.

ಹೆಜ್ಜೆ 3: ಕೊಂಬೆ ಹಿಡಿದು ಕೆಳಗೆ ಬನ್ನಿ

ಸತ್ತ ಕೊಂಬೆಯನ್ನು ಅನುಸರಿಸಿ ಕಾಂಡದವರೆಗೆ ಕಣ್ಣಾಡಿಸಿ. ಮೂರು ಗುರುತು ಹುಡುಕಿ.

ಒಂದು, ಮರದ ಪುಡಿ. ತೊಗಟೆಯ ತೂತಿನಿಂದ ಗರಗಸದ ಪುಡಿಯಂಥದ್ದು, ಹಿಕ್ಕೆ ಬೆರೆತು ಹೊರಗೆ ಬಂದು ಕೊಂಬೆಯ ಕವಲಿನಲ್ಲೋ ಬುಡದಲ್ಲೋ ಬಿದ್ದಿದ್ದರೆ ಅದು ಕಾಂಡ ಕೊರಕ. ಉದ್ದ ಮೀಸೆಯ ದೊಡ್ಡ ದುಂಬಿ ತೊಗಟೆಯ ಸೀಳಿನಲ್ಲಿ ಮೊಟ್ಟೆ ಇಡುತ್ತದೆ. ಅದರ ಮರಿಹುಳು ತಿಂಗಳುಗಟ್ಟಲೆ ಮರದೊಳಗೆ ಸುರಂಗ ಕೊರೆಯುತ್ತಾ ಸುಮಾರು ಬೆರಳುದ್ದ ಬೆಳೆಯುತ್ತದೆ. ಹೊರಗಿನಿಂದ ಎಷ್ಟು ಸ್ಪ್ರೇ ಹೊಡೆದರೂ ಒಳಗಿರುವ ಹುಳಕ್ಕೆ ತಾಕುವುದೇ ಇಲ್ಲ.

ಎರಡು, ಬಂದಳಿಕೆ. ಕೆಲವು ಕಡೆ ಬದನಿಕೆ ಅಂತಾರೆ. ಮಾವಿನ ಎಲೆಗಿಂತ ಬೇರೆ ತರದ ದಪ್ಪ ಎಲೆಯ ಗುಂಪು ಕೊಂಬೆಯ ಮೇಲೆ ಇದ್ದು, ಅದು ಹಿಡಿದ ಜಾಗದಲ್ಲಿ ಗಂಟು ಕಟ್ಟಿರುತ್ತದೆ. ಗಂಟಿನಿಂದ ಆಚೆಗಿನ ಮಾವಿನ ರೆಂಬೆ ಒಣಗುತ್ತಾ ಹೋಗುತ್ತದೆ. ಇದರ ಹಣ್ಣು ತಿಂದ ಹಕ್ಕಿಗಳು ಅಂಟು ಬೀಜವನ್ನು ಇನ್ನೊಂದು ಕೊಂಬೆಗೆ ಸಾಗಿಸುತ್ತವೆ. ಆದ್ದರಿಂದ ಹಣ್ಣಾಗುವ ಮುಂಚೆ, ಗಂಟಿಗಿಂತ ಕೆಳಗೆ ಕೊಂಬೆ ಸಮೇತ ಕತ್ತರಿಸಬೇಕು. ಬರೀ ಎಲೆ ಕಿತ್ತರೆ ಮತ್ತೆ ಚಿಗುರುತ್ತದೆ.

ಮೂರು, ಹಳೆಯ ಗಾಯ. ಮಚ್ಚಿನಲ್ಲಿ ಕೊಚ್ಚಿ ಬಿಟ್ಟ ಮೋಟು ಕೊಂಬೆ, ಹಣ್ಣಿನ ಭಾರಕ್ಕೆ ಸೀಳಿದ ಕವಲು, ಬೇಲಿಗೋ ದನ ಕಟ್ಟುವುದಕ್ಕೋ ಬಿಗಿದು ಮರೆತ ತಂತಿ. ತಂತಿ ತೊಗಟೆಯೊಳಗೆ ಹೂತು ಹೋಗಿ ಕೊಂಬೆಯ ಕತ್ತು ಹಿಸುಕಿರುತ್ತದೆ. ಮಲೆನಾಡಿನ ಕಡೆ ಜಾಸ್ತಿ ಮಳೆ ಬೀಳುವ ಜಾಗದಲ್ಲಿ ಕೊಂಬೆಯ ಮೇಲೆ ತಿಳಿ ಗುಲಾಬಿ ಬಣ್ಣದ ಹೊದಿಕೆ ಕಂಡರೆ ಅದು ಗುಲಾಬಿ ರೋಗ, ಅದೂ ಒಂದು ಶಿಲೀಂಧ್ರ.

ಹೆಜ್ಜೆ 4: ಬುಡದಲ್ಲಿ ಕೂತು ನೋಡಿ

ಹೆಚ್ಚಿನವರು ಇಲ್ಲಿಗೆ ಬರುವುದೇ ಇಲ್ಲ. ಎಲ್ಲರ ಕಣ್ಣೂ ಒಣಗಿದ ನೆತ್ತಿಯ ಮೇಲೆ.

ಬುಡದ ತೊಗಟೆಯನ್ನು ನಾಲ್ಕೂ ಕಡೆ ಬೆರಳಿನಿಂದ ತಟ್ಟಿ. ಟೊಳ್ಳು ಸದ್ದು ಬಂದರೆ ಒಳಗೆ ಗೆದ್ದಲೋ ಕೊಳೆಯೋ ಇದೆ. ಗೆದ್ದಲಿನ ಮಣ್ಣು ಕೆರೆದು ಕೆಳಗಿನ ತೊಗಟೆ ಜೀವಂತ ಇದೆಯಾ ಪರೀಕ್ಷಿಸಿ. ಗೆದ್ದಲು ಒಣಗಿದ ತೊಗಟೆಯನ್ನಷ್ಟೇ ತಿನ್ನುತ್ತಿದ್ದರೆ ಅದು ಆಮೇಲೆ ಬಂದ ಅತಿಥಿ, ನಿಜವಾದ ಕಾರಣ ಬೇರೆ ಇದೆ.

ಆಮೇಲೆ ನೆರಳು ಬೀಳುವ ಅಂಚಿನ ಹತ್ತಿರ ಒಂದು ಅಡಿ ಆಳ ನಿಧಾನವಾಗಿ ಅಗೆದು ಸಣ್ಣ ಬೇರುಗಳನ್ನು ನೋಡಿ. ಒಳಗೆ ಬಿಳಿಯಾಗಿ ಗಟ್ಟಿ ಇದ್ದರೆ ಸರಿ. ಕಪ್ಪಾಗಿ, ಸಿಪ್ಪೆ ಕೈಗೇ ಕಳಚಿ ಬಂದರೆ ಬೇರು ಕೊಳೆಯುತ್ತಿದೆ. ಮಣ್ಣು ವಾಸನೆ ಹೊಡೆಯುತ್ತಿದ್ದರೆ ನೀರು ನಿಂತಿದೆ ಅಂತ ಲೆಕ್ಕ.

ಬುಡಕ್ಕೆ ಹೊಸ ಮಣ್ಣು ಏರಿಸಿದ್ದೀರಾ ಅನ್ನೋದನ್ನೂ ನೋಡಿ. ಹೊಂಡ ತೋಡಿದ ಮಣ್ಣನ್ನೋ ಕೆರೆ ಗೋಡನ್ನೋ ಮರದ ಬುಡಕ್ಕೆ ಎರಡು ಅಡಿ ಸುರಿದರೆ ಬೇರಿಗೆ ಗಾಳಿ ಸಿಗಲ್ಲ. ತೊಗಟೆ ಮಣ್ಣಿನೊಳಗೆ ಸದಾ ತೇವವಾಗಿದ್ದು ಕೊಳೆಯುತ್ತದೆ. ಮನೆ ಅಂಗಳದ ಮರಕ್ಕೆ ಸುತ್ತ ಸಿಮೆಂಟ್ ಹಾಕಿದರೂ ಇದೇ ಕಥೆ.

ಹೆಜ್ಜೆ 5: ಎರಡು ವರ್ಷದ ಹಿಂದಕ್ಕೆ ಹೋಗಿ

ಬೇರಿಗೆ ಇವತ್ತು ಪೆಟ್ಟು ಬಿದ್ದರೆ ದೊಡ್ಡ ಮರ ಇವತ್ತೇ ತೋರಿಸುವುದಿಲ್ಲ. ಕೂಡಿಟ್ಟ ಶಕ್ತಿಯಲ್ಲಿ ಒಂದು ವರ್ಷ, ಕೆಲವೊಮ್ಮೆ ಅದಕ್ಕೂ ಹೆಚ್ಚು ಕಾಲ ದೂಡುತ್ತದೆ. ಅದಕ್ಕೇ ನಮಗೆ ಕಾರಣಕ್ಕೂ ಲಕ್ಷಣಕ್ಕೂ ಸಂಬಂಧ ಹೊಳೆಯುವುದಿಲ್ಲ. ಮನೆಯ ಹಿರಿಯರನ್ನೂ ಕೂರಿಸಿಕೊಂಡು ಈ ಪ್ರಶ್ನೆ ಕೇಳಿ:

• ಸಾಲಿನ ನಡುವೆ ಆಳವಾಗಿ ಉಳುಮೆ ಮಾಡಿಸಿದ್ದು ಯಾವಾಗ?
• ಪೈಪ್‌ಲೈನ್, ರಸ್ತೆ, ಕೃಷಿ ಹೊಂಡಕ್ಕೆ ಹತ್ತಿರದಲ್ಲಿ ತೋಡಿದ್ದೀರಾ?
• ಬೋರ್‌ವೆಲ್ ನೀರು ಬದಲಾಯಿತಾ? ಹೊಸ ಬೋರ್ ನೀರು ಪರೀಕ್ಷೆ ಆಗಿದೆಯಾ?
• ಎರಡು ಬೇಸಿಗೆ ಒಂದೇ ಸಮ ನೀರು ಕಡಿಮೆಯಾಗಿತ್ತಾ?
• ಹಿಂದಿನ ವರ್ಷ ವಿಪರೀತ ಕಾಯಿ ಬಿಟ್ಟು, ಕೊಯ್ಲಾದ ಮೇಲೆ ಗೊಬ್ಬರ ಕೊಡದೆ ಬಿಟ್ಟಿರಾ?
• ಹೂವು ಬರಿಸಲು ಪ್ಯಾಕ್ಲೋಬ್ಯುಟ್ರಾಜೋಲ್ ವರ್ಷಾ ವರ್ಷ ಹಾಕಿದ್ದೀರಾ?

ಕೊನೆಯ ಪ್ರಶ್ನೆ ತೋಟವನ್ನು ಗುತ್ತಿಗೆಗೆ ಕೊಡುವವರಿಗೆ ಮುಖ್ಯ. ಈ ಔಷಧಿ ಮರದ ಬೆಳವಣಿಗೆಯನ್ನು ತಡೆದು ಹೂವಿನ ಕಡೆ ತಿರುಗಿಸುತ್ತದೆ, ಮಣ್ಣಿನಲ್ಲಿ ಬಹಳ ದಿನ ಉಳಿಯುತ್ತದೆ. ನೀರು, ಗೊಬ್ಬರ ಸಾಲದೆ ಬಳಲಿದ ಮರಕ್ಕೆ ಇದನ್ನು ಹಾಕಬಾರದು. ಗುತ್ತಿಗೆದಾರರಿಗೆ ಈ ವರ್ಷದ ಕಾಯಿ ಮುಖ್ಯ, ನಿಮಗೆ ಮರ ಮುಖ್ಯ. ಏನು ಹಾಕಬಹುದು, ಏನು ಹಾಕಬಾರದು ಅಂತ ಮೊದಲೇ ಮಾತಾಡಿಕೊಳ್ಳಿ.

ಕಾರಣ ಸಿಕ್ಕಿತು, ಈಗ ಚಿಕಿತ್ಸೆ

ಶಿಲೀಂಧ್ರವಾದರೆ: ಮಳೆ ಬಿಡುವು ಕೊಟ್ಟ ಒಣ ದಿನ ನೋಡಿ, ಸತ್ತ ಗಡಿಯಿಂದ 3-4 ಇಂಚು ಕೆಳಗೆ, ಹಸಿ ಭಾಗದಲ್ಲಿ ಕತ್ತರಿಸಿ. ಮಚ್ಚು ಬೇಡ, ಗರಗಸ ಅಥವಾ ಕತ್ತರಿ ಬಳಸಿ. ಕತ್ತರಿಸಿದ ಮುಖದಲ್ಲಿ ಇನ್ನೂ ಕಂದು ಗೆರೆ ಕಂಡರೆ ಇನ್ನಷ್ಟು ಕೆಳಗೆ ಹೋಗಿ. ಗಾಯಕ್ಕೆ ಅದೇ ದಿನ ಬೋರ್ಡೋ ಮುಲಾಮು ಹಚ್ಚಿ. ಆಮೇಲೆ ಮರಕ್ಕೆ ಕಾಪರ್ ಆಕ್ಸಿಕ್ಲೋರೈಡ್ ಲೀಟರ್‌ಗೆ 3 ಗ್ರಾಂ, ಅಥವಾ ಶೇ 1ರ ಬೋರ್ಡೋ ದ್ರಾವಣ ಸಿಂಪಡಿಸಿ. 15 ದಿನ ಬಿಟ್ಟು ಇನ್ನೊಮ್ಮೆ. ಹೂವು ಬಿಟ್ಟಿರುವಾಗ ಬೇಡ. ಕತ್ತರಿಸಿದ ರೆಂಬೆಗಳನ್ನು ಬದುವಿನ ಮೇಲೆ ರಾಶಿ ಹಾಕಬೇಡಿ. ಒಣಗಿದ ಕಡ್ಡಿಯಲ್ಲೇ ಶಿಲೀಂಧ್ರ ಬೀಜಾಣು ಮಾಡಿಕೊಂಡು ಮುಂದಿನ ಮಳೆಗೆ ಕಾಯುತ್ತಿರುತ್ತದೆ. ಸೌದೆಗೆ ಬಳಸುವುದಾದರೆ ತೋಟದಿಂದ ಹೊರಗೆ ಸಾಗಿಸಿ ಬೇಗ ಉರಿಸಿ.

ಬೋರ್ಡೋ ಮುಲಾಮು ಮನೆಯಲ್ಲೇ ಆಗುತ್ತದೆ. 1 ಕೆಜಿ ಮೈಲುತುತ್ತವನ್ನು 5 ಲೀಟರ್ ನೀರಿನಲ್ಲಿ, 1 ಕೆಜಿ ಸುಣ್ಣವನ್ನು ಇನ್ನೊಂದು 5 ಲೀಟರ್ ನೀರಿನಲ್ಲಿ ಕರಗಿಸಿ. ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನವಾಗಿ ಸುರಿಯುತ್ತಾ ಕಲಸಿ. ಪ್ಲಾಸ್ಟಿಕ್ ಬಕೆಟ್ ಬಳಸಿ, ಕಬ್ಬಿಣದ ಪಾತ್ರೆ ಬೇಡ. ಹೊಳೆಯುವ ಚಾಕು ಅದ್ದಿ ತೆಗೆಯಿರಿ. ಅಲಗಿನ ಮೇಲೆ ಕೆಂಪು ತಾಮ್ರ ಕಂಡರೆ ಸುಣ್ಣ ಸಾಲದು, ಇನ್ನಷ್ಟು ಸೇರಿಸಿ. ಸಿಂಪಡಣೆಯ ದ್ರಾವಣಕ್ಕೆ ಇದೇ 1 ಕೆಜಿ, 1 ಕೆಜಿ ಅಳತೆಗೆ ಒಟ್ಟು 100 ಲೀಟರ್ ನೀರು. ಎರಡನ್ನೂ ಮಾಡಿದ ದಿನವೇ ಮುಗಿಸಿ.

ಕಾಂಡ ಕೊರಕವಾದರೆ: ಪುಡಿ ಬರುವ ತೂತನ್ನು ಸ್ವಚ್ಛ ಮಾಡಿ, ಗಟ್ಟಿ ತಂತಿ ಅಥವಾ ಸೈಕಲ್ ಕಡ್ಡಿಯ ತುದಿ ಬಗ್ಗಿಸಿ ಒಳಗೆ ತೂರಿಸಿ ಹುಳುವನ್ನು ಚುಚ್ಚಿ ಎಳೆಯಿರಿ. ತೂತಿಗೆ ಸೀಮೆಎಣ್ಣೆ ಅಥವಾ ಪೆಟ್ರೋಲ್ ಅದ್ದಿದ ಹತ್ತಿ ತುರುಕಿ ಹಸಿಮಣ್ಣಿನಿಂದ ಮೆತ್ತಿ. ಆ ಹೊತ್ತು ಹತ್ತಿರದಲ್ಲಿ ಬೀಡಿ, ಬೆಂಕಿ ಇರಬಾರದು. ವಾರ ಬಿಟ್ಟು ನೋಡಿ. ಹೊಸ ಪುಡಿ ಬಿದ್ದಿದ್ದರೆ ಹುಳು ಇನ್ನೂ ಒಳಗಿದೆ. ಹಳೆಯ ಕರಪತ್ರಗಳಲ್ಲಿ ಈ ಕೆಲಸಕ್ಕೆ ಡೈಕ್ಲೋರ್ವಾಸ್ ಅಂತ ಬರೆದಿರುತ್ತದೆ. ಅದು 2020ರ ಡಿಸೆಂಬರ್ 31ರಿಂದ ನಮ್ಮ ದೇಶದಲ್ಲಿ ನಿಷೇಧ. ಯಾರಾದರೂ ಉಳಿದ ಬಾಟಲಿ ಕೊಡುತ್ತೇನೆ ಅಂದರೂ ತರಬೇಡಿ. ಕಾಳಿನ ಹುಳಕ್ಕೆ ಇಡುವ ವಿಷದ ಮಾತ್ರೆಯನ್ನು ತೂತಿಗೆ ಹಾಕುವ ಸಾಹಸವೂ ಬೇಡ. ಅದರ ಅನಿಲ ಮನುಷ್ಯನ ಜೀವ ತೆಗೆಯುತ್ತದೆ.

ಬೇರು, ನೀರಿನ ತೊಂದರೆಯಾದರೆ: ಇದಕ್ಕೆ ಡಬ್ಬಿಯಲ್ಲಿ ಔಷಧಿ ಇಲ್ಲ. ನೀರು ನಿಲ್ಲುವ ಕಡೆ ಬಸಿಗಾಲುವೆ ತೆಗೆಯಿರಿ. ಬುಡಕ್ಕೆ ಏರಿಸಿದ ಮಣ್ಣನ್ನು ಬೇರಿಗೆ ಪೆಟ್ಟಾಗದಂತೆ ಕೈಯಿಂದ ಸರಿಸಿ. ಡ್ರಿಪ್ಪರ್ ಕಾಂಡಕ್ಕೆ ಅಂಟಿಕೊಂಡಿದ್ದರೆ ದೂರಕ್ಕೆ, ನೆರಳಿನ ಅಂಚಿನ ಕಡೆಗೆ ಸರಿಸಿ. ನೀರು ಕುಡಿಯುವ ಸಣ್ಣ ಬೇರುಗಳು ಹೆಚ್ಚಾಗಿ ಅಲ್ಲೇ ಇರುವುದು. ಪಾತಿಗೆ ಒಣ ಎಲೆ ಹೊದಿಸಿ, ಆದರೆ ಕಾಂಡಕ್ಕೆ ತಾಗಿಸಬೇಡಿ. ಎಲೆ ಅಂಚು ಸುಡುತ್ತಿದ್ದರೆ ನೀರು, ಮಣ್ಣು ಎರಡನ್ನೂ ಪರೀಕ್ಷೆ ಮಾಡಿಸಿ, ಮ್ಯೂರಿಯೇಟ್ ಆಫ್ ಪೊಟ್ಯಾಷ್ ಬದಲು ಸಲ್ಫೇಟ್ ಆಫ್ ಪೊಟ್ಯಾಷ್ ಕೊಡಿ. ಎಲೆ ಚಿಕ್ಕದಾಗಿ, ಗೆಣ್ಣು ಹತ್ತಿರವಾಗಿದ್ದರೆ ಸತು, ಬೋರಾನ್ ಕೊರತೆ ಇರಬಹುದು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಮ್ಯಾಂಗೋ ಸ್ಪೆಷಲ್ ಲಘು ಪೋಷಕಾಂಶ ಮಿಶ್ರಣವನ್ನು ಪೊಟ್ಟಣದ ಮೇಲಿನ ಅಳತೆಯಲ್ಲಿ ಸಿಂಪಡಿಸಬಹುದು.

ಮರ ಉಳಿಯುತ್ತಾ?

ಕಷ್ಟದ ಪ್ರಶ್ನೆ, ಆದರೆ ಕೇಳಲೇಬೇಕು. ಮುಖ್ಯ ಕಾಂಡದಲ್ಲಿ, ನೆಲದಿಂದ ಒಂದು ಮೊಳ ಮೇಲೆ, ನಾಲ್ಕು ದಿಕ್ಕಿನಲ್ಲೂ ಕೆರೆದು ನೋಡಿ. ನಾಲ್ಕೂ ಕಡೆ ಕಂದಾಗಿದ್ದರೆ ಆ ಮರಕ್ಕೆ ಇನ್ನು ದುಡ್ಡು ಸುರಿಯಬೇಡಿ. ಬೇರು ಸಮೇತ ತೆಗೆಸಿ, ಗುಂಡಿಗೆ ಬಿಸಿಲು ಕಾಯಲು ಬಿಟ್ಟು ಆಮೇಲೆ ಹೊಸ ಸಸಿ ಇಡಿ. ಮೂರು ಕಡೆ ಹಸಿರಿದ್ದರೆ ಧೈರ್ಯವಾಗಿ ಮುಂದುವರಿಯಿರಿ.

ಹಾಗಂತ ಇಡೀ ಮರವನ್ನು ಒಂದೇ ಸಲ ಬೋಳು ಮಾಡಬೇಡಿ. ದಪ್ಪ ಕೊಂಬೆ ಕಡಿದ ಗಾಯಕ್ಕೆ ಕೊರಕದ ದುಂಬಿ ಬರುತ್ತದೆ, ನೆರಳು ಹೋದ ತೊಗಟೆ ಬಿಸಿಲಿಗೆ ಸುಟ್ಟು ಸೀಳುತ್ತದೆ. ಸತ್ತದ್ದನ್ನು ಮಾತ್ರ ತೆಗೆದು, ಬಿಸಿಲಿಗೆ ಬಿದ್ದ ಕೊಂಬೆಗೆ ಸುಣ್ಣ ಬಳಿಯಿರಿ. ಒಂದು ವರ್ಷ ಕಾಯಿಯ ಆಸೆ ಬಿಟ್ಟು ಚಿಗುರಿನ ಕಡೆ ಗಮನ ಕೊಡಿ.

ಫೋನ್‌ನಲ್ಲಿ ಆರು ಫೋಟೋ

ಎಲೆಯ ಫೋಟೋ ನೋಡಿ ರೋಗ ಹೇಳುವ ಆ್ಯಪ್‌ಗಳು ಎಲೆ ಚುಕ್ಕೆಗೆ ಉಪಯೋಗಕ್ಕೆ ಬರುತ್ತವೆ. ಆದರೆ ಒಣಗಿದ ಎಲೆ ಕೊರಕದಿಂದ ಒಣಗಿದರೂ ಬೇರಿನಿಂದ ಒಣಗಿದರೂ ನೋಡಲು ಒಂದೇ ತರ. ಆ್ಯಪ್‌ಗಾಗಲಿ ತಜ್ಞರಿಗಾಗಲಿ ಎಲೆ ಒಂದೇ ಸಾಲದು. ಈ ಆರನ್ನು ತೆಗೆಯಿರಿ:

1. ದೂರದಿಂದ ಇಡೀ ಮರ, ಎರಡು ಪಕ್ಕದಿಂದ.
2. ಸತ್ತ ಭಾಗ ಮತ್ತು ಹಸಿ ಭಾಗ ಸೇರುವ ಗಡಿ.
3. ಸೀಳಿದ ರೆಂಬೆಯ ಒಳಭಾಗ.
4. ಕಾಂಡದ ತೂತು, ಅಂಟು ಅಥವಾ ಪುಡಿ, ಅಳತೆಗೆ ಪಕ್ಕದಲ್ಲಿ ಒಂದು ನಾಣ್ಯ ಇಟ್ಟು.
5. ಬುಡ ಮತ್ತು ಸುತ್ತಲಿನ ನೆಲ.
6. ಅಗೆದು ತೆಗೆದ ಸಣ್ಣ ಬೇರು.

ಜೊತೆಗೆ ಒಂದು ನಿಮಿಷದ ವಾಯ್ಸ್ ಮೆಸೇಜ್: ಮರದ ವಯಸ್ಸು, ತಳಿ, ಯಾವಾಗಿನಿಂದ ಶುರುವಾಯಿತು, ಎರಡು ವರ್ಷದಲ್ಲಿ ಏನೇನು ಬದಲಾಯಿತು. ಇದನ್ನು ನಿಮ್ಮ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರಕ್ಕೋ ತಾಲ್ಲೂಕಿನ ತೋಟಗಾರಿಕೆ ಇಲಾಖೆಗೋ ಕಳುಹಿಸಿ. ಕಿಸಾನ್ ಕಾಲ್ ಸೆಂಟರ್ 1800-180-1551ಕ್ಕೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಕೇಳಬಹುದು. ಪ್ರಯೋಗಾಲಯಕ್ಕೆ ಮಾದರಿ ಒಯ್ಯುವುದಾದರೆ ಪೂರ್ತಿ ಒಣಗಿದ ಕಡ್ಡಿ ಬೇಡ. ಅರ್ಧ ಹಸಿ ಅರ್ಧ ಸತ್ತ ತುಂಡನ್ನು ಪೇಪರಿನಲ್ಲಿ ಸುತ್ತಿ ಒಯ್ಯಿರಿ. ಪ್ಲಾಸ್ಟಿಕ್ ಕವರಿನಲ್ಲಿ ಬೆವರಿ ಬೇರೆ ಬೂಷ್ಟು ಹತ್ತುತ್ತದೆ.

ಚಿಕಿತ್ಸೆ ಮಾಡಿದ ಮೇಲೆ ಅದೇ ಜಾಗದಲ್ಲಿ ನಿಂತು ತಿಂಗಳಿಗೊಂದು ಫೋಟೋ ತೆಗೆಯುತ್ತಾ ಬನ್ನಿ. ಕತ್ತರಿಸಿದ ಜಾಗದ ಕೆಳಗೆ ಚಿಗುರು ಬಂದು, ಆ ಚಿಗುರು ಬಲಿತು ಮುಂದಿನ ಚಿಗುರು ಹೊರಟರೆ ಮರ ದಾರಿಗೆ ಬಂತು ಅಂತ ತಿಳಿಯಿರಿ. ಒಣಗುವುದು ಮತ್ತೆ ಕೆಳಗೆ ಇಳಿದಿದ್ದರೆ ಔಷಧಿಯ ಹೆಸರು ಬದಲಿಸಬೇಡಿ. ಹೆಜ್ಜೆ 1ಕ್ಕೆ ವಾಪಸ್ ಹೋಗಿ, ಬುಡದವರೆಗೆ ಇನ್ನೊಮ್ಮೆ ನೋಡಿ.